ಗೀಸರ್ ಲೈನಿನಲ್ಲಿ ಸಿಕ್ಕ ಒಂದು ಓಮ್

"ನೀರು ಮೊದಲಿನ ಹಾಗೆ ಕಾಯ್ತಿಲ್ಲ ಕಣೋ. ಸ್ವಿಚ್ ಬೇರೆ ಮುಟ್ಟಿದ್ರೆ ಬಿಸಿ ಬಿಸಿ" ಅಂತ ಅಮ್ಮ ಹೇಳಿದ್ದು ಡಿಸೆಂಬರಿನ ಒಂದು ಬೆಳಿಗ್ಗೆ. ನಮ್ಮದು ಬೆಂಗಳೂರಿನ ಹನುಮಂತನಗರದ ಹಳೇ ಮನೆ. ಗೀಸರ್ 15 ಲೀಟರಿನದು, 2000 ವ್ಯಾಟ್. ನೋಡಲು ಬಂದ ಎಲೆಕ್ಟ್ರಿಷಿಯನ್ ಐದು ನಿಮಿಷ ನಿಂತು, "ಬೋರ್ ನೀರು ಸಾರ್, ಕಾಯಿಲ್ ಹೋಗಿದೆ, ಹೊಸದು ಹಾಕಿಸಿಬಿಡಿ" ಎಂದರು. ನನಗೆ ಒಪ್ಪಿಗೆಯಾಗಲಿಲ್ಲ. ಕಾಯಿಲ್ ತುಂಡಾಗಿದ್ದರೆ ನೀರು ಕಾಯಲೇಬಾರದು, ಅಲ್ವಾ? ಅಳೆದು ನೋಡೋಣ ಅಂದುಕೊಂಡೆ.

ಎಸ್‌ಪಿ ರೋಡಿನಲ್ಲಿ 1,200 ರೂಪಾಯಿಗೆ ತಂದ ಕ್ಲಾಂಪ್ ಮೀಟರ್ ಮನೆಯಲ್ಲಿತ್ತು. ವೈರ್ ಕತ್ತರಿಸದೆ, ಸುಮ್ನೆ ಅದರ ಸುತ್ತ ದವಡೆ ಹಾಕಿದರೆ ಸಾಕು, ಕರೆಂಟ್ ಎಷ್ಟು ಹರಿಯುತ್ತಿದೆ ಎಂದು ತೋರಿಸುತ್ತದೆ. ಆದರೆ ದವಡೆಯೊಳಗೆ ಒಂದೇ ವೈರ್ ಇರಬೇಕು. ಫೇಸ್, ನ್ಯೂಟ್ರಲ್ ಎರಡೂ ಒಳಗಿದ್ದರೆ ಹೋಗುವ ಕರೆಂಟೂ ಬರುವ ಕರೆಂಟೂ ಒಂದನ್ನೊಂದು ಅಳಿಸಿಬಿಡುತ್ತವೆ, ಮೀಟರ್ ಸೊನ್ನೆ ತೋರಿಸುತ್ತದೆ. ಅದಕ್ಕೆಂದೇ 16 ಆಂಪ್ ಪ್ಲಗ್ ಮತ್ತು ಎರಡು ಸಾಕೆಟ್ ಹಾಕಿ ಒಂದು ಗಿಡ್ಡ ಎಕ್ಸ್‌ಟೆನ್ಷನ್ ಮಾಡಿಕೊಂಡೆ. ಮೂರು ವೈರ್ ಬೇರೆ ಬೇರೆಯಾಗಿ ಸಿಗುವಂತೆ ಮೇಲಿನ ಹೊದಿಕೆಯನ್ನಷ್ಟೇ ಸೀಳಿದೆ, ಒಳಗಿನ ಇನ್ಸುಲೇಷನ್ ಮುಟ್ಟಲಿಲ್ಲ. ಒಂದು ಸಾಕೆಟ್ಟಿಗೆ ಗೀಸರ್, ಇನ್ನೊಂದಕ್ಕೆ ವೋಲ್ಟೇಜ್ ನೋಡುವ ಮಲ್ಟಿಮೀಟರ್.

ಲೆಕ್ಕ ಹೈಸ್ಕೂಲಿನದೇ. ವೋಲ್ಟನ್ನು ಆಂಪಿಯರಿನಿಂದ ಭಾಗಿಸಿದರೆ ಓಮ್ (ರೆಸಿಸ್ಟೆನ್ಸ್, ಅಂದರೆ ಕರೆಂಟಿಗಿರುವ ತಡೆ), ಗುಣಿಸಿದರೆ ವ್ಯಾಟ್ (ಪವರ್). ಮೊದಲು ಗೀಸರಿನ ಮೇಲೆ ಬರೆದಿದ್ದನ್ನೇ ಹಿಡಿದೆ: 230 ವೋಲ್ಟಿಗೆ 2000 ವ್ಯಾಟ್. ಅಂದರೆ ಕರೆಂಟ್ 8.7 ಆಂಪ್, ಕಾಯಿಲಿನ ರೆಸಿಸ್ಟೆನ್ಸ್ 26.45 ಓಮ್.

ಆಮೇಲೆ ಗೀಸರ್ ಹಾಕಿ ಅಳೆದೆ. ಕರೆಂಟ್ 8.1 ಆಂಪ್. ಹಾಲಿನಲ್ಲಿ ಡಿಬಿ (ಮನೆಗೆಲ್ಲ ಕರೆಂಟ್ ಹಂಚುವ ಪೆಟ್ಟಿಗೆ) ಪಕ್ಕದ ಸಾಕೆಟ್ಟಿನಲ್ಲಿ 222 ವೋಲ್ಟ್. ಭಾಗಿಸಿದರೆ 27.4 ಓಮ್. ಇರಬೇಕಾದ್ದಕ್ಕಿಂತ ಸುಮಾರು ಒಂದು ಓಮ್ ಜಾಸ್ತಿ. ಕಾಯಿಲೇ ಕೆಟ್ಟಿರಬಹುದೇನೋ ಎಂದು ಒಂದು ಗಳಿಗೆ ಅನ್ನಿಸಿತು.

ಆದರೆ ನಾನು ವೋಲ್ಟೇಜ್ ನೋಡಿದ್ದು ಹಾಲಿನಲ್ಲಿ. ಕಾಯಿಲ್ ಇರುವುದು ಬಚ್ಚಲುಮನೆಯಲ್ಲಿ. ಯಾವುದರ ರೆಸಿಸ್ಟೆನ್ಸ್ ಬೇಕೋ ಅದರ ಎರಡು ತುದಿಯ ನಡುವಿನ ವೋಲ್ಟೇಜನ್ನೇ ಹಿಡಿಯಬೇಕು, ಅದೂ ಅದರಲ್ಲಿ ಕರೆಂಟ್ ಹರಿಯುತ್ತಿರುವಾಗಲೇ. ಎಕ್ಸ್‌ಟೆನ್ಷನ್ನಿನಲ್ಲಿ ಗೀಸರ್ ಪಕ್ಕದ ಸಾಕೆಟ್ಟಿನಲ್ಲಿ ನೋಡಿದೆ: 214 ವೋಲ್ಟ್. 214ನ್ನು 8.1ರಿಂದ ಭಾಗಿಸಿದರೆ 26.4. ಕಾಯಿಲ್ ಹೊಸದರ ಹಾಗೇ ಇದೆ! ಆ ಒಂದು ಓಮ್ ಕಾಯಿಲಿನದಲ್ಲ, ದಾರಿಯದು. ಹಾಲಿನಿಂದ ಬಚ್ಚಲುಮನೆಗೆ ಬರುವಷ್ಟರಲ್ಲಿ 8 ವೋಲ್ಟ್ ಎಲ್ಲೋ ಉಳಿದುಹೋಗುತ್ತಿತ್ತು.

ವೈರೇ ಅಷ್ಟು ತಿನ್ನುತ್ತದೆಯೇ? ನಮ್ಮದು 2.5 ಚದರ ಮಿಲಿಮೀಟರಿನ ತಾಮ್ರದ ವೈರ್. ಅದಕ್ಕೆ ಕಿಲೋಮೀಟರಿಗೆ ಸುಮಾರು 7.4 ಓಮ್. ಹೋಗಿ ಬರುವ ದಾರಿ ಸೇರಿ 30 ಮೀಟರ್ ಎಂದರೂ 0.22 ಓಮ್ ಆಯಿತು, 2 ವೋಲ್ಟಿಗಿಂತ ಕಡಿಮೆ. ಉಳಿದ 6 ವೋಲ್ಟ್ ಒಂದೇ ಜಾಗದಲ್ಲಿ ಬೀಳುತ್ತಿದ್ದರೆ, 8.1ರಿಂದ ಗುಣಿಸಿದಾಗ ಹೆಚ್ಚುಕಡಿಮೆ 49 ವ್ಯಾಟ್. 25 ವ್ಯಾಟಿನ ಸೋಲ್ಡರಿಂಗ್ ಐರನ್ ಬೆಸುಗೆಯ ಸೀಸವನ್ನು ಕರಗಿಸುತ್ತದೆ. ಅಂಥ ಎರಡು ಐರನ್ ನಮ್ಮ ಗೋಡೆಯೊಳಗೆ ಉರಿಯುತ್ತಿದ್ದ ಹಾಗೆ. ಅಮ್ಮ ಮುಟ್ಟಿ ಹೇಳಿದ್ದ ಬಿಸಿ ಅದೇ. ಆ ಲೆಕ್ಕ ಮುಗಿದಾಗ ನಿಜಕ್ಕೂ ಭಯವಾಯಿತು. ಆ ಕ್ಷಣವೇ ಗೀಸರ್ ಆರಿಸಿದೆ.

ಮೇನ್ ಆಫ್ ಮಾಡಿ, ಟೆಸ್ಟರಿನಿಂದ ಎರಡು ಸಲ ಖಚಿತ ಮಾಡಿಕೊಂಡು ಬೋರ್ಡ್ ಬಿಚ್ಚಿದೆ. ಸ್ವಿಚ್ಚಿನ ಒಂದು ಸ್ಕ್ರೂ ಸಡಿಲ. ಅಲ್ಲಿ ವೈರಿನ ಇನ್ಸುಲೇಷನ್ ಒಂದು ಇಂಚು ಕಪ್ಪಾಗಿ ಗರಿಗರಿಯಾಗಿತ್ತು. ಸುಟ್ಟ ತುದಿ ಕತ್ತರಿಸಿ, ತಾಮ್ರ ಹೊಳೆಯುವ ತನಕ ಹಿಂದಕ್ಕೆ ಹೋಗಿ, ಹೊಸ 16 ಆಂಪ್ ಸ್ವಿಚ್ ಹಾಕಿ ಸ್ಕ್ರೂ ಬಿಗಿ ಮಾಡಿದೆ. ಬಿಚ್ಚುವ ಕೆಲಸ ಅಭ್ಯಾಸವಿಲ್ಲದವರು ಅಳೆದ ಸಂಖ್ಯೆಗಳನ್ನು ಬರೆದಿಟ್ಟು ಎಲೆಕ್ಟ್ರಿಷಿಯನ್‌ಗೆ ತೋರಿಸಿ, ಅಷ್ಟು ಸಾಕು.

ಈಗ ಗೀಸರ್ ಬಳಿ 220 ವೋಲ್ಟ್, 8.3 ಆಂಪ್, 1826 ವ್ಯಾಟ್. ಮೊದಲು 1733 ಇತ್ತು. ನೀರು ನಿಧಾನವಾಗಿದ್ದಕ್ಕೆ ಪೂರ್ತಿ ಸ್ವಿಚ್ಚೇ ಕಾರಣವಲ್ಲ, ಡಿಸೆಂಬರಿನಲ್ಲಿ ನಲ್ಲಿ ನೀರೇ ಜಾಸ್ತಿ ತಣ್ಣಗಿರುತ್ತದೆ. ವೋಲ್ಟೇಜ್ ಸ್ವಲ್ಪ ಇಳಿದರೂ ಪವರ್ ಅದರ ಎರಡರಷ್ಟು ಇಳಿಯುತ್ತದೆ ಎನ್ನುವುದನ್ನೂ ಇಲ್ಲೇ ಕಂಡೆ. 230ಕ್ಕಿಂತ 214 ಅಂದರೆ ಶೇಕಡಾ 7 ಕಡಿಮೆ, ಪವರ್ ಮಾತ್ರ ಶೇಕಡಾ 13 ಕಡಿಮೆ. ವೋಲ್ಟೇಜ್ ಜೊತೆ ಕರೆಂಟೂ ಇಳಿಯುವುದೇ ಅದಕ್ಕೆ ಕಾರಣ.

ನನ್ನ ಲೆಕ್ಕ ಸರಿಯೇ ಎಂದು ಮನೆಯ ಮೀಟರಿನಲ್ಲೂ ನೋಡಿದೆ. ಒಂದು ಯೂನಿಟ್ಟಿಗೆ (1000 ವ್ಯಾಟ್ ಒಂದು ಗಂಟೆ ಓಡಿದಷ್ಟು) ಅದರ ಪುಟ್ಟ ದೀಪ 3200 ಸಲ ಮಿಣುಕುತ್ತದೆ ಎಂದು ಅದರ ಮೇಲೆ ಬರೆದಿದೆ. ಫ್ರಿಜ್ ಸಮೇತ ಎಲ್ಲ ಆರಿಸಿ ಗೀಸರ್ ಒಂದನ್ನೇ ಹಾಕಿದೆ. ಒಂದು ನಿಮಿಷಕ್ಕೆ 98 ಮಿಣುಕು, ಅಂದರೆ 1838 ವ್ಯಾಟ್. ನಾನು ಅಳೆದ 1826ಕ್ಕೆ ವೈರಿನಲ್ಲಿ ಹೋಗುವ ಸುಮಾರು 15 ವ್ಯಾಟ್ ಕೂಡಿಸಿದರೆ ಎರಡೂ ಹೊಂದುತ್ತವೆ.

ಈ ಲೆಕ್ಕವನ್ನು ಎಲ್ಲದಕ್ಕೂ ಹಾಕಬೇಡಿ. ಗೀಸರ್, ಇಸ್ತ್ರಿಪೆಟ್ಟಿಗೆಗೆ ಸರಿ. ಮಿಕ್ಸಿ, ಮೋಟಾರಿನಲ್ಲಿ ವೋಲ್ಟ್ ಮತ್ತು ಆಂಪ್ ಗುಣಿಸಿದರೆ ಬರುವುದು ನಿಜವಾದ ವ್ಯಾಟಿಗಿಂತ ಜಾಸ್ತಿ. ಹಳೇ 100 ವ್ಯಾಟ್ ಬಲ್ಬನ್ನು ಆರಿಸಿ ಓಮ್ ನೋಡಿದರೆ 40ರ ಆಸುಪಾಸು ತೋರಿಸುತ್ತದೆ, ಉರಿಯುವಾಗ ಅದೇ ಬಲ್ಬ್ 529 ಓಮ್. ಫಿಲಮೆಂಟ್ ಕಾದಂತೆ ರೆಸಿಸ್ಟೆನ್ಸ್ ಏರುತ್ತದೆ.

220, 8.3 ಎಂದು ಒಂದು ಟೇಪಿನ ಮೇಲೆ ಬರೆದು ಗೀಸರಿಗೆ ಅಂಟಿಸಿದ್ದೇನೆ. ಯುಗಾದಿಗೆ ಮತ್ತೆ ಅಳೆಯುತ್ತೇನೆ.