ಫೋಮ್ ಟಾಪರ್ ತೊಳೆದು ಒಂದು ಕಳ್ಕೊಂಡೆ, ಎರಡನೇದನ್ನ ಹೀಗೆ ಉಳಿಸ್ಕೊಂಡೆ

ನಮ್ಮನೇಲಿ ಮೊದಲು ಇದ್ದಿದ್ದು ಮೂರು ಇಂಚಿನ ಮೆಮೊರಿ ಫೋಮ್ ಟಾಪರ್, ಅಂದ್ರೆ ಹಾಸಿಗೆ ಮೇಲೆ ಹಾಸೋ ಮೆತ್ತನೆ ಫೋಮ್ ಪದರ. ಮಗನಿಗೆ ಆಗ ಮೂರು ವರ್ಷ, ಒಂದಿನ ರಾತ್ರಿ ನಿದ್ದೇಲಿ ಉಚ್ಚೆ ಮಾಡ್ಕೊಂಡ, ಬೆಳಿಗ್ಗೆ ನಾನು ಬೆಡ್‌ಶೀಟ್ ಜೊತೆ ಟಾಪರನ್ನೂ ಬಾತ್‌ರೂಮಿಗೆ ಎಳ್ಕೊಂಡು ಹೋಗಿ ಸೋಪಿನ ಪುಡಿ ಹಾಕಿ ಪೈಪ್ ಹಿಡಿದು ಚೆನ್ನಾಗಿ ತೊಳೆದೆ. ಬಟ್ಟೆ ತರಾನೇ ಅಂದ್ಕೊಂಡಿದ್ದೆ. ಎಷ್ಟು ನೀರು ಬಿಟ್ಟರೂ ನೊರೆ ಬರೋದು ನಿಲ್ಲಲೇ ಇಲ್ಲ, ಕೊನೆಗೆ ಸಾಕಾಗಿ ಒಂದು ಮೂಲೆ ಹಿಡಿದು ಎತ್ತಿದೆ ನೋಡಿ, ನೀರಿನ ಭಾರಕ್ಕೆ ಬ್ರೆಡ್ ಹರಿದ ಹಾಗೆ ಒಂದು ಮೊಳ ಉದ್ದಕ್ಕೆ ಹರ್ಕೊಂಡು ಬಂತು. ಆದ್ರೂ ಗೋಡೆಗೆ ಒರಗಿಸಿ ಎರಡು ದಿನ ಬಿಟ್ಟೆ, ಮೇಲೆ ಕೈ ಇಟ್ಟರೆ ಒಣಗಿದೆ ಅನ್ನಿಸ್ತು, ಶೀಟ್ ಹಾಸಿ ಮಲಗಿದ್ವಿ. ಒಂದು ವಾರಕ್ಕೆ ರೂಮ್ ತುಂಬ ಮುಗ್ಗಲು ವಾಸನೆ. ಹರಿದಿದ್ದ ಜಾಗದಲ್ಲಿ ಬಿಡಿಸಿ ನೋಡಿದ್ರೆ ಒಳಗಡೆ ಇನ್ನೂ ತಣ್ಣಗೆ ಒದ್ದೆ, ಮೆಣಸಿನ ಕಾಳು ಚೆಲ್ಲಿದ ಹಾಗೆ ಕಪ್ಪು ಬೂಷ್ಟು. ಮಗು ಮಲಗೋ ಜಾಗ ಅದು. ಅವತ್ತೇ ತೆಗೆದು ಎಸೆದ್ವಿ, ಅದರಲ್ಲಿ ಒಂದು ಅಂಗೈ ಅಗಲದ ತುಂಡು ಮಾತ್ರ ಕತ್ತರಿಸಿ ಇಟ್ಕೊಂಡೆ, ಅದರ ಕಥೆ ಆಮೇಲೆ ಹೇಳ್ತೀನಿ.

ಯಾಕೆ ಹೀಗಾಯ್ತು ಅಂತ ಆಮೇಲೆ ಕೂತು ಓದಿದೆ. ಈ ಫೋಮ್ ಅಂದ್ರೆ ಪಾಲಿಯುರೆಥೇನ್, ಒಳಗೆ ಪೂರ್ತಿ ಸಣ್ಣ ಸಣ್ಣ ಗೂಡುಗಳು, ಒಂದಕ್ಕೊಂದು ದಾರಿ ಇರೋವು. ಪಾತ್ರೆ ಉಜ್ಜೋ ಸ್ಪಂಜೂ ಇದೇ ಜಾತಿ. ಆದ್ರೆ ಸ್ಪಂಜನ್ನ ಮುಷ್ಟೀಲಿ ಹಿಂಡಬಹುದು, ಮಂಚದಷ್ಟು ದೊಡ್ಡದನ್ನ ಯಾರು ಹಿಂಡ್ತಾರೆ? ನೀರು ಸಲೀಸಾಗಿ ಒಳಗೆ ಹೋಗುತ್ತೆ, ಹೊರಗೆ ಬರೋದು ಮಾತ್ರ ನಿಧಾನವಾಗಿ ಗಾಳಿಯಿಂದಾನೇ. ಸೋಪು ಬೇರೆ ಒಳಗೇ ಉಳ್ಕೊಂಡು ಅಂಟಂಟಾಗಿ ಮತ್ತೆ ಧೂಳು ಹಿಡಿಯುತ್ತೆ. ವಾಷಿಂಗ್ ಮಷೀನಿಗೆ ಹಾಕಿದ್ರೂ ಇದೇ ಗತಿ, ತಿರುವಿ ತಿರುವಿ ಹರಿದು ಹಾಕುತ್ತೆ. ಬಿಸಿ ಡ್ರೈಯರ್ ಅಂತೂ ಬೇಡವೇ ಬೇಡ, ಫೋಮ್ ಬಿಸಿಗೆ ಬೆಂಕಿ ಹಿಡಿಯೋ ಅಪಾಯ ಇದೆ. ಅವತ್ತಿಂದ ನನಗೆ ಒಂದು ವಿಷ್ಯ ಪಕ್ಕಾ ಆಯ್ತು, ಟಾಪರ್ ಕ್ಲೀನ್ ಮಾಡೋದು ಅಂದ್ರೆ ಮುಕ್ಕಾಲು ಪಾಲು ಒಣಗಿಸೋ ಕೆಲಸ, ತೊಳೆಯೋದು ಕಾಲು ಭಾಗಾನೂ ಇಲ್ಲ.

ಎರಡನೇ ಟಾಪರ್ ಬಂದು ಎರಡು ತಿಂಗಳಿಗೇ ಮತ್ತೆ ಅದೇ ಕಥೆ. ರಾತ್ರಿ ಎರಡು ಗಂಟೆ. ಈ ಸಲ ಬೆಳಿಗ್ಗೆ ನೋಡೋಣ ಅಂತ ಬಿಡಲಿಲ್ಲ, ಯಾಕಂದ್ರೆ ಎಷ್ಟು ಹೊತ್ತು ಬಿಡ್ತೀವೋ ಅಷ್ಟು ಆಳಕ್ಕೆ ಇಳಿಯುತ್ತೆ. ಶೀಟ್ ಕಿತ್ತು, ಒಣ ಟವೆಲ್ ನಾಲ್ಕು ಮಡಿಕೆ ಮಾಡಿ ಒದ್ದೆ ಜಾಗದ ಮೇಲಿಟ್ಟು ಅದರ ಮೇಲೆ ಮೊಣಕಾಲೂರಿ ನಿಧಾನಕ್ಕೆ ಭಾರ ಹಾಕಿದೆ, ಟವೆಲ್ ಒದ್ದೆ ಆದ ತಕ್ಷಣ ಬೇರೆ ಟವೆಲ್. ಉಜ್ಜಲೇ ಇಲ್ಲ. ಉಜ್ಜಿದ್ರೆ ಕಲೆ ಅಗಲ ಆಗುತ್ತೆ, ಫೋಮ್ ಮೇಲ್ಪದರ ಚೂರು ಚೂರಾಗಿ ಎದ್ದು ಬರುತ್ತೆ. ನಾಲ್ಕನೇ ಟವೆಲ್ ತೆಗೆದಾಗ ಅದರ ಮೇಲೆ ಬರೀ ತೇವದ ನೆರಳು ಇತ್ತು, ಅಲ್ಲಿಗೆ ನಿಲ್ಲಿಸಿದೆ.

ಬೆಳಿಗ್ಗೆ ಎನ್ಝೈಮ್ ಕ್ಲೀನರ್ ಹಾಕಿದೆ. ಉಚ್ಚೇಲಿರೋ ಯೂರಿಕ್ ಆಸಿಡ್ ನೀರಲ್ಲಿ ಸರಿಯಾಗಿ ಕರಗಲ್ಲ, ಹರಳಾಗಿ ಒಳಗೇ ಕೂತಿರುತ್ತೆ, ಆಮೇಲೆ ಯಾವತ್ತೋ ಹವೆ ತೇವ ಆದಾಗ ಮತ್ತೆ ಘಾಟು ಏಳುತ್ತೆ. ಎನ್ಝೈಮ್ ಅದನ್ನ ಒಡೆಯುತ್ತೆ, ಆದ್ರೆ ಅದಕ್ಕೆ ಟೈಮ್ ಬೇಕು, ಬಾಟಲ್ ಮೇಲೆ ಹೇಳಿದಷ್ಟು ಹೊತ್ತು ಒದ್ದೆ ಇರ್ಲೇಬೇಕು, ಹಾಕಿದ ತಕ್ಷಣ ಒರೆಸಿದ್ರೆ ಏನೂ ಪ್ರಯೋಜನ ಇಲ್ಲ. ಮನೇಲಿ ಅದಿಲ್ಲದಿದ್ದಾಗ ಬಿಳಿ ವಿನೆಗರಿಗೆ ಅಷ್ಟೇ ನೀರು ಸೇರಿಸಿ ಸ್ಪ್ರೇ ಬಾಟಲಲ್ಲಿ ಮಂಜು ತರ ಹೊಡೆದಿದೀನಿ, ಅದೂ ಪರವಾಗಿಲ್ಲ. ಸುರಿಯಬೇಡಿ ಮಾತ್ರ. ಆಮೇಲೆ ತಣ್ಣೀರಲ್ಲಿ ಅದ್ದಿ ಗಟ್ಟಿಯಾಗಿ ಹಿಂಡಿದ ಬಟ್ಟೆ ಒತ್ತಿ ತೆಗೆದೆ. ರಕ್ತದ ಕಲೆ ಆದ್ರೂ ತಣ್ಣೀರೇ, ಬಿಸಿನೀರು ಬಿದ್ರೆ ಅಲ್ಲೇ ಕಚ್ಕೊಳ್ಳುತ್ತೆ.

ಇಲ್ಲಿ ಒಂದು ವಿಷ್ಯ ತುಂಬ ಗಟ್ಟಿಯಾಗಿ ಹೇಳ್ಬೇಕು. ಬ್ಲೀಚ್ ಹಾಕಬೇಡಿ, ಉಚ್ಚೇಲಿರೋ ಅಮೋನಿಯಾ ಜೊತೆ ಸೇರಿ ಕ್ಲೋರಮೈನ್ ಅನ್ನೋ ವಿಷದ ಗಾಳಿ ಆಗುತ್ತೆ. ವಿನೆಗರ್ ಮತ್ತೆ ಹೈಡ್ರೋಜನ್ ಪೆರಾಕ್ಸೈಡ್ ಎರಡನ್ನೂ ಒಂದೇ ಬಾಟಲಿಗೆ ಹಾಕಬೇಡಿ, ಕಣ್ಣು ಗಂಟಲು ಸುಡೋ ಪೆರಾಸೆಟಿಕ್ ಆಸಿಡ್ ಆಗುತ್ತೆ. ವಿನೆಗರ್ ಮೇಲೆ ಅಡುಗೆ ಸೋಡಾ ಹಾಕಿ ಬುರುಗು ಬರಿಸೋದನ್ನ ವಿಡಿಯೋಗಳಲ್ಲಿ ತೋರಿಸ್ತಾರಲ್ಲ, ಅದರಿಂದ ಅಪಾಯ ಇಲ್ಲ, ಆದ್ರೆ ಒಂದನ್ನೊಂದು ತಿಂದು ಹಾಕಿ ಎರಡೂ ವೇಸ್ಟ್. ಮೊದಲು ವಿನೆಗರ್, ಪೂರ್ತಿ ಒಣಗಲಿ, ಆಮೇಲೆ ಸೋಡಾ.

ಇನ್ನು ಒಣಗಿಸೋದು. ಹಾಸಿಗೆ ಮೇಲೆ ಮಲಗಿಸಿಟ್ಟು ಮೇಲಿಂದ ಫ್ಯಾನ್ ಹಾಕಿದ್ರೆ ಒಂದೇ ಮುಖ ಒಣಗುತ್ತೆ. ನಾನು ಎರಡು ಕುರ್ಚಿ ಬೆನ್ನು ಬೆನ್ನಾಗಿ ಇಟ್ಟು ಅದರ ಮೇಲೆ ಟಾಪರನ್ನ ಡೇರೆ ತರ ಹಾಕಿ, ಒದ್ದೆ ಜಾಗದ ಮುಂದೆ ಒಂದು ಟೇಬಲ್ ಫ್ಯಾನ್ ಇಟ್ಟು, ಕಿಟಕಿ ಎಲ್ಲಾ ತೆಗೆದೆ, ಕೆಲವು ಗಂಟೆಗೊಮ್ಮೆ ಫ್ಯಾನನ್ನ ಆ ಕಡೆಯಿಂದ ಈ ಕಡೆಗೆ ಇಡ್ತಿದ್ದೆ. ಒಣಗಿದೆಯಾ ಅಂತ ಕೈಯಲ್ಲಿ ಮುಟ್ಟಿ ನೋಡೋದನ್ನ ನಂಬ್ಬೇಡಿ, ನಾನು ಮೊದಲ ಸಲ ಮೋಸ ಹೋಗಿದ್ದೇ ಅಲ್ಲಿ. ಟಾಪರ್ ಮಲಗಿಸಿ ಒಂದು ಒಣ ಟಿಶ್ಯೂ ಪೇಪರ್ ಇಟ್ಟು ಅದರ ಮೇಲೆ ಅಕ್ಕಿ ತುಂಬಿದ ಡಬ್ಬಾನೋ ದಪ್ಪ ಪುಸ್ತಕಗಳೋ ಏನಾದ್ರೂ ಭಾರ ಹೇರಿ ಹತ್ತು ನಿಮಿಷ ಬಿಡಿ. ನನಗೆ 12 ಗಂಟೆ ಆದ್ಮೇಲೆ ನೋಡಿದಾಗ ಟಿಶ್ಯೂ ಮಧ್ಯದಲ್ಲಿ ನಾಣ್ಯದಷ್ಟು ಗಾತ್ರದ ಒದ್ದೆ ಗುಂಡು ಮೂಡಿತ್ತು, ಮೇಲೆ ಮುಟ್ಟಿದ್ರೆ ಬೆಚ್ಚಗೆ ಒಣಗಿದ ಹಾಗೇ ಇತ್ತು! ಪೂರ್ತಿ ಒಣ ಟಿಶ್ಯೂ ಬರಕ್ಕೆ ಹತ್ತಿರ ಹತ್ತಿರ 30 ಗಂಟೆ ಬೇಕಾಯ್ತು. ಆ ರಾತ್ರಿ ಮೂರೂ ಜನ ಬರೀ ಹಾಸಿಗೆ ಮೇಲೇ ಮಲಗಿದ್ವಿ, ತೊಂದ್ರೆ ಏನಿಲ್ಲ.

ಬಿಸಿಲಿಗೆ ಹಾಕಬಾರದಾ ಅಂತ ಎಲ್ಲರೂ ಕೇಳ್ತಾರೆ. ಆ ಕತ್ತರಿಸಿ ಇಟ್ಟ ತುಂಡು ಹೇಳಿದ್ನಲ್ಲ, ಅದನ್ನ ಬಿಸಿಲು ಬೀಳೋ ಕಿಟಕಿ ಮೇಲೆ ಇಟ್ಟಿದ್ದೆ. ಕೆಲವೇ ದಿನದಲ್ಲಿ ಹಳದಿ, ಆಮೇಲೆ ಕಂದು, ಕೆಲವು ತಿಂಗಳು ಬಿಟ್ಟು ಹೆಬ್ಬೆರಳಲ್ಲಿ ಉಜ್ಜಿದ್ರೆ ರಸ್ಕ್ ಪುಡಿ ತರ ಉದುರ್ತಿತ್ತು. ಬಿಸಿಲಿನ ಅತಿನೇರಳೆ ಕಿರಣ ಫೋಮನ್ನ ಮುರಿಯುತ್ತೆ, ಲೇಟೆಕ್ಸ್ ಅಂದ್ರೆ ರಬ್ಬರ್ ಟಾಪರ್ ಆದ್ರೂ ಹಾಗೇನೇ. ಅದಕ್ಕೇ ನೆರಳು, ಗಾಳಿ, ಇಷ್ಟೇ. ಹೇರ್ ಡ್ರೈಯರ್ ಬೇಕಾದ್ರೆ ತಣ್ಣನೆ ಗಾಳೀಲಿ ಮಾತ್ರ.

ಹಾಗಂತ ಹಳದಿ ಆಗಿದ್ದೆಲ್ಲ ಕೊಳೆ ಅಲ್ಲ. ಬೆಳಕು ಬೀಳದೆ ಕವರ್ ಒಳಗಿದ್ರೂ ಗಾಳಿ, ಬೆವರು ತಾಗಿ ನಿಧಾನಕ್ಕೆ ಹಳದಿ ಆಗ್ತಾ ಬರುತ್ತೆ. ಅದನ್ನ ಬಿಳಿ ಮಾಡ್ತೀನಿ ಅಂತ ಉಜ್ಜೋಕೆ ಹೋಗಿ ಎಷ್ಟೋ ಜನ ಚೆನ್ನಾಗಿರೋ ಟಾಪರ್ ಹಾಳು ಮಾಡ್ಕೊಂಡಿರೋದನ್ನ ನೋಡಿದೀನಿ, ಬೇಜಾರಾಗುತ್ತೆ.

ಪ್ರತಿ ತಿಂಗಳ ಕೆಲಸ ಅಂದ್ರೆ ಸೋಡಾ ಮತ್ತೆ ವ್ಯಾಕ್ಯೂಮ್. ಟೀ ಸೋಸೋ ಜಾಲರೀಲಿ ಅಡುಗೆ ಸೋಡಾನ ತೆಳ್ಳಗೆ ಉದುರಿಸಿ ಬೆಳಿಗ್ಗೆಯಿಂದ ಸಂಜೆ ತನಕ ಬಿಡ್ತೀನಿ, ಆಮೇಲೆ ಸೋಫಾಗೆ ಹಾಕೋ ಅಗಲ ಮೂತಿ ಸಿಕ್ಕಿಸಿ ಕಮ್ಮಿ ಸ್ಪೀಡಲ್ಲಿ ಎಳೀತೀನಿ. ಜೋರಾಗಿ ಇಟ್ರೆ ಫೋಮೇ ಒಳಗೆ ಹೀರ್ಕೊಂಡು ಕಿತ್ತು ಬರುತ್ತೆ.

ನಿಜವಾಗ್ಲೂ ಟಾಪರನ್ನ ಕಾಪಾಡಿದ್ದು ವಾಟರ್‌ಪ್ರೂಫ್ ಪ್ರೊಟೆಕ್ಟರ್. ಪ್ಲಾಸ್ಟಿಕ್ ಹಾಳೆ ಬೇಡ, ಬೆವರು ಅಡಿಯಲ್ಲೇ ನಿಲ್ಲುತ್ತೆ. ಮೇಲೆ ಬಟ್ಟೆ, ಅಡೀಲಿ ತೆಳು ಪೊರೆ ಇರೋದು ಬರುತ್ತೆ, ಅದನ್ನ ತಗೊಂಡ್ವಿ. ಬೆಡ್‌ಶೀಟ್ ವಾರಕ್ಕೊಮ್ಮೆ 60 ಡಿಗ್ರಿ ಬಿಸಿನೀರಲ್ಲಿ ಒಗೆದ್ರೆ ಧೂಳಿನ ಹುಳ ಸಾಯುತ್ತೆ, ಪ್ರೊಟೆಕ್ಟರಿಗೆ ಮಾತ್ರ ಲೇಬಲ್ ನೋಡಿ, ಎಲ್ಲವೂ ಅಷ್ಟು ಬಿಸಿ ತಡೆಯಲ್ಲ. ಇನ್ನೊಂದು, ಬೆಳಿಗ್ಗೆ ಎದ್ದ ತಕ್ಷಣ ಹಾಸಿಗೆ ನೀಟಾಗಿ ಮುಚ್ಚೋ ಅಭ್ಯಾಸ ಬಿಟ್ಟಿದೀನಿ, ಹೊದಿಕೆ ಸರಿಸಿ ಒಂದು ಗಂಟೆ ಹಾಗೇ ಬಿಡ್ತೀನಿ, ರಾತ್ರಿಯ ಬೆವರು ಆರಿ ಹೋಗುತ್ತೆ.

ಮೂರು ತಿಂಗಳಿಗೊಮ್ಮೆ ತಲೆ ಕಡೇದು ಕಾಲು ಕಡೆಗೆ ತಿರುಗಿಸ್ತೀವಿ, ಮರೆತು ಹೋಗ್ಬಾರ್ದು ಅಂತ ಅಡಿ ಮೂಲೇಲಿ ಪೆನ್ನಲ್ಲಿ ತಾರೀಕು ಬರೀತೀನಿ. ನಮ್ಮದು ಎರಡು ಪದರದ್ದು, ಮೇಲೆ ಮೆದು ಕೆಳಗೆ ಗಟ್ಟಿ, ಹಾಗಾಗಿ ಮಗುಚಿ ಹಾಕಲ್ಲ. ಚಳೀಲಿ ತಿರುಗಿಸೋದಾದ್ರೆ ರೂಮ್ ಸ್ವಲ್ಪ ಬೆಚ್ಚಗಾದ್ಮೇಲೆ ಮಾಡಿ. ಮೆಮೊರಿ ಫೋಮನ್ನ 1966ರಲ್ಲಿ ಚಾರ್ಲ್ಸ್ ಯೋಸ್ಟ್ ಅನ್ನೋರು ನಾಸಾಗೋಸ್ಕರ ವಿಮಾನದ ಸೀಟಿಗೆ ಅಂತ ಮಾಡಿದ್ದಂತೆ, ಮೈ ಬಿಸಿಗೆ ಮೆದು ಆಗೋದೇ ಅದರ ಗುಣ, ತಣ್ಣಗಿದ್ದಾಗ ಬಿರುಸಾಗಿರುತ್ತೆ, ಆಗ ಮಡಚಿದ್ರೆ ಸೀಳು ಬಿಡಬಹುದು. ಎತ್ತಿಡೋದಾದ್ರೂ ಮಡಚಬೇಡಿ, ಸುರುಳಿ ಸುತ್ತಿ ಹಳೇ ಕಾಟನ್ ಶೀಟಲ್ಲಿ ಕಟ್ಟಿ.

ಕೈಯಲ್ಲಿ ಒತ್ತಿ ಬಿಟ್ರೆ ಗುಂಡಿ ಗುಂಡಿಯಾಗೇ ಉಳೀತಿದೆ ಅಂದ್ರೆ, ಅಥವಾ ಒಳಗೆ ಬೂಷ್ಟು ಕಂಡ್ರೆ, ಏನೂ ಮಾಡಕ್ಕೆ ಹೋಗ್ಬೇಡಿ, ಬದಲಾಯಿಸಿ. ನಮ್ಮದು ಈಗ ಐದನೇ ವರ್ಷ, ನಡುವಲ್ಲಿ ಒಂಚೂರು ತಗ್ಗು ಬಿದ್ದಿದೆ, ಒತ್ತಿ ಬಿಟ್ರೆ ಇನ್ನೂ ಮೇಲೇಳ್ತಾ ಇದೆ, ವಾಸನೆ ಇಲ್ಲ. ಮೊನ್ನೆ ತಿರುಗಿಸುವಾಗ ಮಗ ನಾನೂ ಹಿಡೀತೀನಿ ಅಂತ ಬಂದು ನೇರ ಮೂಲೆಗೇ ಕೈ ಹಾಕ್ದ. ಮೂಲೆ ಹಿಡೀಬೇಡ ಕಣೋ, ಅಡಿಯಿಂದ ಎರಡೂ ಕೈ ಒಳಗೆ ತೂರಿಸು ಅಂದೆ, ಮೊಣಕೈ ತನಕ ತೂರಿಸಿ ಎತ್ತಿದ.