ಸಾಲಕ್ಕೆ ಕಾಗದ ಕೊಡುವುದು ಹೇಗೆ? ನಿಮ್ಮ ಮಾಹಿತಿ ದಾರಿಯಲ್ಲಿ ಸೋರದಂತೆ ನೋಡಿಕೊಳ್ಳಿ

ಸಾಲಕ್ಕೆ ಅರ್ಜಿ ಹಾಕುವವರು ಬಡ್ಡಿ ಎಷ್ಟು, ಕಂತು ಎಷ್ಟು ಎಂದು ಹತ್ತು ಸಲ ಕೇಳುತ್ತಾರೆ. ಕೊಟ್ಟ ಆಧಾರ್ ಝೆರಾಕ್ಸ್ ಯಾರ ಹತ್ತಿರ ಉಳಿಯಿತು ಎಂದು ಕೇಳುವವರು ಅಪರೂಪ. ಧಾರವಾಡದ ನಮ್ಮ ಓಣಿಯಲ್ಲಿ ಫಾರ್ಮ್ ತುಂಬಿಸಿಕೊಳ್ಳಲು ನನ್ನ ಹತ್ತಿರ ಬರುವವರನ್ನು ನೋಡಿಯೇ ಇದನ್ನು ಬರೆಯುತ್ತಿದ್ದೇನೆ. ಬೈಕ್ ಸಾಲ ಇರಲಿ, ಬಂಗಾರದ ಸಾಲ ಇರಲಿ, ಮಹಿಳಾ ಸಂಘದ ಸಾಲ ಇರಲಿ, ಏಜೆಂಟ್ "ಎಲ್ಲಾ ವಾಟ್ಸಾಪ್ ಮಾಡ್ರಿ ಅಕ್ಕಾರ, ಮುಂದಿಂದು ನಾ ನೋಡ್ಕೋತೀನಿ" ಎಂದರೆ ಸಾಕು. ಆಧಾರ್, ಪ್ಯಾನ್, ಪಾಸ್‌ಬುಕ್, ಫೋಟೊ ಎಲ್ಲ ಹೋಗಿಬಿಡುತ್ತವೆ. ಸಂಜೆ ಮಿರ್ಚಿ ಕಟ್ಟಿಕೊಟ್ಟ ಕಾಗದ ಬಿಚ್ಚಿದರೆ ಅದರಲ್ಲಿ ಯಾರದೋ ಪ್ಯಾನ್ ಕಾರ್ಡಿನ ಪ್ರತಿ ಇದ್ದದ್ದನ್ನೂ ನಾನು ನೋಡಿದ್ದೇನೆ.

ಫೈನಾನ್ಸ್ ಕಂಪನಿಯ ಒಳಗೆ ಮಾಹಿತಿ ಕಾಯುವುದಕ್ಕೆ ನಿಯಮಗಳಿವೆ. ಗ್ರಾಹಕರ ಗುರುತು, ವಿಳಾಸ ಖಾತ್ರಿ ಮಾಡಿಕೊಳ್ಳುವುದಕ್ಕೆ ಕೆವೈಸಿ ಎನ್ನುತ್ತಾರೆ. ರಿಸರ್ವ್ ಬ್ಯಾಂಕಿನ ಕೆವೈಸಿ ನಿರ್ದೇಶನದ ಪ್ರಕಾರ ಗ್ರಾಹಕರಿಂದ ಪಡೆದ ಮಾಹಿತಿ ಗುಟ್ಟಾಗಿರಬೇಕು. ಗ್ರಾಹಕರು ಸ್ಪಷ್ಟವಾಗಿ ಒಪ್ಪದೆ ಅದನ್ನು ಬೇರೆ ಸಾಲ, ವಿಮೆ ಮಾರುವುದಕ್ಕೆ ಬಳಸುವಂತಿಲ್ಲ. ಆದರೆ ನಿಮ್ಮ ಮನೆಯಿಂದ ಕಂಪನಿಯ ಕಂಪ್ಯೂಟರಿನವರೆಗಿನ ದಾರಿಯಲ್ಲಿ ಝೆರಾಕ್ಸ್ ಅಂಗಡಿ ಇದೆ, ಏಜೆಂಟನ ಫೋನ್ ಇದೆ, ಸಂಘದ ಮುಖ್ಯಸ್ಥೆಯ ಚೀಲ ಇದೆ. ಅಲ್ಲಿ ಕಾಯಬೇಕಾದವರು ನೀವೇ.

1. ಮೊದಲು ಕಂಪನಿಯನ್ನು ನೋಡಿ

ರಿಸರ್ವ್ ಬ್ಯಾಂಕಿನ ವೆಬ್‌ಸೈಟಿನಲ್ಲಿ ನೋಂದಾಯಿತ ಫೈನಾನ್ಸ್ ಕಂಪನಿಗಳ ಪಟ್ಟಿ ಇದೆ. ಆಪ್ ಮೂಲಕ ಸಾಲ ಪಡೆಯುವುದಾದರೆ ಸಾಲದ ಆಪ್‌ಗಳ ಪಟ್ಟಿಯೂ ಅಲ್ಲೇ ಇದೆ. ಎರಡರಲ್ಲೂ ಹೆಸರಿಲ್ಲದಿದ್ದರೆ ಅಲ್ಲಿಗೇ ಬಿಟ್ಟುಬಿಡಿ.

2. ಎಷ್ಟು ಬೇಕೋ ಅಷ್ಟೇ ಕೊಡಿ

ಗುರುತು ಮತ್ತು ವಿಳಾಸಕ್ಕೆ ಒಂದು ದಾಖಲೆ, ಜೊತೆಗೆ ಪ್ಯಾನ್. ಬಹುತೇಕ ಇಷ್ಟು ಸಾಕು. ವೋಟರ್ ಐಡಿ, ಡ್ರೈವಿಂಗ್ ಲೈಸೆನ್ಸ್, ಪಾಸ್‌ಪೋರ್ಟ್, ಉದ್ಯೋಗ ಖಾತರಿ ಜಾಬ್ ಕಾರ್ಡ್ ಎಲ್ಲವೂ ನಡೆಯುತ್ತವೆ. ಕಾಗದದ ಪ್ರತಿಯನ್ನೇ ಕೊಡಬೇಕೆಂದರೆ ನಾನು ವೋಟರ್ ಐಡಿ ಕೊಡಿ ಎನ್ನುತ್ತೇನೆ. ಸರ್ಕಾರದ ಸಬ್ಸಿಡಿ ಇರುವ ಸಾಲಕ್ಕೆ ಮಾತ್ರ ಆಧಾರ್ ತಪ್ಪುವುದಿಲ್ಲ.

ಹೆಚ್ಚಿನವರಿಗೆ ಗೊತ್ತಿಲ್ಲದ ಇನ್ನೊಂದು ದಾರಿ ಇದೆ. ಮೊದಲೇ ಎಲ್ಲಾದರೂ ಕೆವೈಸಿ ಮಾಡಿಸಿದ್ದರೆ ನಿಮ್ಮ ಹೆಸರಿನಲ್ಲಿ 14 ಅಂಕಿಯ ಸಿಕೆವೈಸಿ (ಕೇಂದ್ರ ಕೆವೈಸಿ ದಾಖಲೆಯ) ಸಂಖ್ಯೆ ಇರಬಹುದು. ನಿಮ್ಮ ಬ್ಯಾಂಕಿನಲ್ಲಿ ಕೇಳಿ ಬರೆದಿಟ್ಟುಕೊಳ್ಳಿ. ಹೊಸ ಕಂಪನಿ ನಿಮ್ಮ ಒಪ್ಪಿಗೆ ಪಡೆದು ಆ ಸಂಖ್ಯೆಯಿಂದಲೇ ದಾಖಲೆ ತರಿಸಿಕೊಳ್ಳುತ್ತದೆ. ವಿಳಾಸ ಬದಲಾಗಿರದಿದ್ದರೆ ಮತ್ತೆ ಝೆರಾಕ್ಸ್ ಕಂತೆ ಕಟ್ಟುವ ಕೆಲಸವೇ ಇರುವುದಿಲ್ಲ.

3. ಆಧಾರ್ ಪ್ರತಿ ತಯಾರಿಸುವುದು

ಎಲ್ಲರೂ ಎಡವುವುದು ಇಲ್ಲೇ. ಸ್ವಲ್ಪ ನಿಧಾನವಾಗಿ ಓದಿ.

ಎಲ್ಲಕ್ಕಿಂತ ಒಳ್ಳೆಯದು ಮಾಸ್ಕ್ ಮಾಡಿದ ಆಧಾರ್. ಆಧಾರ್ ಪ್ರಾಧಿಕಾರದ ವೆಬ್‌ಸೈಟಿಗೆ ಒಟಿಪಿ ಹಾಕಿ ಹೋಗಿ ಡೌನ್‌ಲೋಡ್ ಮಾಡುವಾಗ "ಮಾಸ್ಕ್" ಎನ್ನುವ ಕಡೆ ಟಿಕ್ ಮಾಡಿ. ಮೊದಲ 8 ಅಂಕಿ ಮುಚ್ಚಿ ಹೋಗಿ ಕೊನೆಯ 4 ಮಾತ್ರ ಕಾಣುತ್ತವೆ. 2022ರ ಮೇ ತಿಂಗಳಲ್ಲಿ ಪ್ರಾಧಿಕಾರದ ಬೆಂಗಳೂರು ಕಚೇರಿ ಇದನ್ನೇ ಬಳಸಿ ಎಂದು ಪ್ರಕಟಣೆ ಕೊಟ್ಟಿತ್ತು. ಜನ ತಪ್ಪಾಗಿ ತಿಳಿಯುತ್ತಾರೆಂದು ಎರಡೇ ದಿನಕ್ಕೆ ಅದನ್ನು ಹಿಂದಕ್ಕೆ ಪಡೆದರು. ಪ್ರಕಟಣೆ ಹೋಯಿತು, ಸೌಲಭ್ಯ ಇದೆ.

"ಇದು ನಡೆಯಂಗಿಲ್ಲ, ಫುಲ್ ನಂಬರ್ ಬೇಕ್ರಿ" ಎಂದು ಕೌಂಟರಿನಲ್ಲಿ ಹೇಳಿದರೆ ಸುಮ್ನೆ ವಾಪಸ್ ಬರಬೇಡಿ. ಆಧಾರ್ ಸಂಖ್ಯೆಯ ದೃಢೀಕರಣ ಬೇಕಿಲ್ಲದ ಕಡೆ ಗ್ರಾಹಕ ತನ್ನ ಸಂಖ್ಯೆಯನ್ನು ಮುಚ್ಚಿಯೇ ಕೊಡುವಂತೆ ಕಂಪನಿ ನೋಡಿಕೊಳ್ಳಬೇಕು ಎಂದು ರಿಸರ್ವ್ ಬ್ಯಾಂಕಿನ ನಿರ್ದೇಶನವೇ ಹೇಳುತ್ತದೆ. ಸಂಖ್ಯೆ ಖಾತ್ರಿ ಮಾಡಲೇಬೇಕಿದ್ದರೆ ನಿಮ್ಮೆದುರೇ ಒಟಿಪಿಯಿಂದಲೋ ಬೆರಳಚ್ಚಿನಿಂದಲೋ ಮಾಡಲಿ. ಅದಕ್ಕೆ ಝೆರಾಕ್ಸ್ ಬೇಕಾಗುವುದಿಲ್ಲ.

ಡೌನ್‌ಲೋಡ್ ಮಾಡಲು ಆಗದವರು ಝೆರಾಕ್ಸ್ ಮೇಲೆ ಅಂಕಿ ಮುಚ್ಚುತ್ತಾರೆ. ಬಾಲ್ ಪೆನ್ನಿನಿಂದ ಗೀಚಿದರೆ ಬೆಳಕಿಗೆ ಹಿಡಿದಾಗ ಅಂಕಿ ಓದಲು ಬರುತ್ತದೆ. ವೈಟ್ನರ್ ಹಚ್ಚಿದರೆ ಉಗುರಿನಿಂದ ಕೆರೆದು ತೆಗೆಯಬಹುದು. ದಪ್ಪ ಕಪ್ಪು ಮಾರ್ಕರಿನಿಂದ ಮುಚ್ಚಿ. ಆ ಹಾಳೆಯನ್ನು ಮತ್ತೊಮ್ಮೆ ಝೆರಾಕ್ಸ್ ಮಾಡಿಸಿ. ಕೊಡಬೇಕಾದದ್ದು ಆ ಎರಡನೇ ಪ್ರತಿ. ಮೊದಲನೆಯದನ್ನು ಮನೆಗೆ ತಂದು ಹರಿದುಹಾಕಿ. ಸಂಖ್ಯೆ ಕಾರ್ಡಿನ ಎರಡೂ ಬದಿಯಲ್ಲಿ ಇರುತ್ತದೆ, ಪತ್ರದ ರೂಪದ ಆಧಾರ್ ಆದರೆ ಮೇಲ್ಭಾಗದಲ್ಲೂ ಇರುತ್ತದೆ. ಒಂದು ಕಡೆ ಮುಚ್ಚಿ ಇನ್ನೊಂದು ಕಡೆ ಬಿಟ್ಟ ಪ್ರತಿಗಳೇ ನನ್ನ ಕಣ್ಣಿಗೆ ಜಾಸ್ತಿ ಬಿದ್ದಿವೆ.

ಕ್ಯುಆರ್ ಚೌಕವನ್ನೂ ಮರೆಯಬೇಡಿ. ಬಹಳ ವರ್ಷದ ಹಿಂದೆ ಬಂದ ಆಧಾರ್ ಪತ್ರಗಳ ಕ್ಯುಆರ್ ಒಳಗೆ ಪೂರ್ತಿ 12 ಅಂಕಿಯೂ ಇರುತ್ತದೆ. ಮೇಲೆ ಎಷ್ಟು ಮಸಿ ಬಳಿದರೂ ಫೋನಿನಿಂದ ಸ್ಕ್ಯಾನ್ ಮಾಡಿದರೆ ಹೊರಗೆ ಬರುತ್ತದೆ. ಈಗಿನ ಕ್ಯುಆರ್‌ನಲ್ಲಿ ಪೂರ್ತಿ ಸಂಖ್ಯೆ ಇಲ್ಲ. ಹಾಗಾಗಿ ಹಳೆಯ ಪತ್ರ ಇದ್ದವರು ಹೊಸದನ್ನು ಡೌನ್‌ಲೋಡ್ ಮಾಡಿಸಿಕೊಳ್ಳಿ.

ಫೋನಿನಲ್ಲಿ ಮುಚ್ಚುವವರಿಗೆ ಒಂದು ಮಾತು. ಫೋಟೊ ಎಡಿಟ್ ಮಾಡುವಲ್ಲಿ ಹೈಲೈಟರ್ ಎಳೆದರೆ ಅದು ಅರೆ ಪಾರದರ್ಶಕ. ಕಣ್ಣಿಗೆ ಕಪ್ಪು ಕಂಡರೂ ಬ್ರೈಟ್‌ನೆಸ್ ಏರಿಸಿದರೆ ಅಂಕಿ ಮೂಡುತ್ತವೆ. ಪೂರ್ತಿ ತುಂಬಿದ ಕಪ್ಪು ಚೌಕ ಇಡಿ. ಆಮೇಲೆ ಅದರ ಸ್ಕ್ರೀನ್‌ಶಾಟ್ ತೆಗೆದು ಅದನ್ನೇ ಕಳಿಸಿ.

ಮುಚ್ಚಿದ ಮೇಲೆ ಬರೆಯುವ ಕೆಲಸ. ಯಾವ ಕಂಪನಿಗೆ, ಯಾವ ಶಾಖೆಗೆ, ಯಾವ ಸಾಲಕ್ಕೆ, ಯಾವ ದಿನ ಎಂದು ಬರೆಯಬೇಕು. "ಇಂಥ ಕಂಪನಿ, ಹುಬ್ಬಳ್ಳಿ ಶಾಖೆ, ಬೈಕ್ ಸಾಲದ ಕೆವೈಸಿಗೆ ಮಾತ್ರ" ಎಂದು ಬರೆದು ದಿನಾಂಕ ಹಾಕಿ. ಇದನ್ನು ಹಾಳೆಯ ಖಾಲಿ ಜಾಗದಲ್ಲಿ ಬರೆದರೆ ಉಪಯೋಗ ಇಲ್ಲ. ಕತ್ತರಿಯಿಂದ ಕತ್ತರಿಸಿ ಮತ್ತೆ ಝೆರಾಕ್ಸ್ ಮಾಡಿದರೆ ಮುಗಿಯಿತು, ನಿಮ್ಮ ಬರಹ ಮಾಯ. ಖಾಲಿ ಜಾಗದಿಂದ ಶುರು ಮಾಡಿ ಕಾರ್ಡಿನ ಚಿತ್ರದ ಮೇಲೆ ಓರೆಯಾಗಿ ಹಾಯಬೇಕು. ಮುಖ, ಹೆಸರು, ವಿಳಾಸ ಕಾಣುತ್ತಿರಲಿ. ಸಹಿಯೂ ಅರ್ಧ ಕಾರ್ಡಿನ ಮೇಲೆ, ಅರ್ಧ ಹೊರಗೆ ಬರಲಿ. ನೀಲಿ ಶಾಯಿ ಬಳಸಿ, ಅಸಲಿ ಸಹಿ ಯಾವುದು ಎಂದು ಗೊತ್ತಾಗುತ್ತದೆ. ನಿಮ್ಮ ಪೆನ್ನನ್ನೇ ಒಯ್ಯಿರಿ. ಉಜ್ಜಿದರೆ ಅಳಿಸಿಹೋಗುವ ಪೆನ್ನುಗಳು ಈಗ ಅಂಗಡಿಯಲ್ಲಿ ಸಿಗುತ್ತವೆ. ಬೇರೆಯವರು ಕೈಗೆ ಕೊಟ್ಟ ಪೆನ್ನಿನಿಂದ ಸಹಿ ಮಾಡಬಾರದು, ಚೆಕ್ ಮೇಲಂತೂ ಬೇಡವೇ ಬೇಡ.

ಖಾಲಿ ಹಾಳೆಗೆ, ಖಾಲಿ ಫಾರ್ಮಿಗೆ ಸಹಿ ಕೇಳಿದರೆ ಎದ್ದು ಬನ್ನಿ.

4. ತಲುಪಿಸುವುದು

ಸಾಧ್ಯವಾದಷ್ಟು ಶಾಖೆಗೇ ಹೋಗಿ ಕೊಡಿ. ಇಲ್ಲವೇ ಕಂಪನಿಯ ಸ್ವಂತ ಆಪ್ ಅಥವಾ ವೆಬ್‌ಸೈಟಿನಲ್ಲಿ ನೀವೇ ಏರಿಸಿ. ಏಜೆಂಟನ ವಾಟ್ಸಾಪಿಗೆ ಕಳಿಸಿದರೆ ಅದು ಅವನ ಗ್ಯಾಲರಿಯಲ್ಲಿ ಉಳಿಯುತ್ತದೆ. ನಾಳೆ ಅವನು ಕೆಲಸ ಬಿಟ್ಟು ಬೇರೆ ಕಂಪನಿ ಸೇರಿದರೆ ನಿಮ್ಮ ಕಾಗದವೂ ಅವನ ಜೊತೆ ಹೋಗುತ್ತದೆ. ಮನೆಗೆ ಬಂದವರ ಗುರುತಿನ ಚೀಟಿ ನೋಡಿ, ಶಾಖೆಗೆ ಫೋನ್ ಮಾಡಿ ಕೇಳಿ. ಕೇಳಿದ್ದಕ್ಕೆ ಸಿಟ್ಟಾಗುವವರಿಗೆ ಕಾಗದ ಕೊಡಬೇಡಿ.

ಆಧಾರ್ ಪಿಡಿಎಫ್‌ಗೆ ಪಾಸ್‌ವರ್ಡ್ ಇದೆ, ಕಳಿಸಿದರೆ ಏನೂ ಆಗಲ್ಲ ಎಂದು ನಂಬಿದವರು ಬಹಳ. ಆ ಪಾಸ್‌ವರ್ಡ್ ಅಂದರೆ ಹೆಸರಿನ ಮೊದಲ 4 ಇಂಗ್ಲಿಷ್ ಅಕ್ಷರ ಮತ್ತು ಹುಟ್ಟಿದ ವರ್ಷ. ನಿಮ್ಮ ಪ್ಯಾನ್ ಪ್ರತಿ ಕೈಯಲ್ಲಿದ್ದರೆ ಸಾಕು, ಯಾರು ಬೇಕಾದರೂ ತೆಗೆಯಬಹುದು ಅಲ್ವಾ?

ಝೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಬೇಕಾದರೆ ನಿಮ್ಮೆದುರೇ ಫೈಲ್ ಅಳಿಸಿಸಿ. ಡೌನ್‌ಲೋಡ್ ಫೋಲ್ಡರಿನಿಂದಲೂ, ರೀಸೈಕಲ್ ಬಿನ್ನಿನಿಂದಲೂ, ಅಂಗಡಿಯ ವಾಟ್ಸಾಪ್ ಚಾಟಿನಿಂದಲೂ. ಕೆಟ್ಟು ಬಂದ ಪ್ರತಿಯನ್ನು ಅಲ್ಲೇ ಬುಟ್ಟಿಗೆ ಹಾಕದೆ ಕೇಳಿ ತೆಗೆದುಕೊಳ್ಳಿ. ಸಪ್ತಾಪುರದ ಕಡೆ ಕೋಚಿಂಗಿಗೆ ಬಂದ ಹುಡುಗರು ಅಂಗಡಿಯ ಕಂಪ್ಯೂಟರಿನಲ್ಲಿ ತಮ್ಮ ಇಮೇಲ್ ತೆರೆದು ಹಾಗೇ ಬಿಟ್ಟು ಹೋಗುತ್ತಾರೆ. ಅದನ್ನಂತೂ ಮಾಡಲೇಬೇಡಿ. ಅಂಗಡಿಯಲ್ಲಿ ಆಧಾರನ್ನು ಪ್ಲಾಸ್ಟಿಕ್ ಕಾರ್ಡ್ ಮಾಡಿಸುವುದನ್ನೂ ನಿಲ್ಲಿಸಿ. ಪ್ರಾಧಿಕಾರವೇ ಪಿವಿಸಿ ಕಾರ್ಡನ್ನು ಅಂಚೆಯಲ್ಲಿ ಮನೆಗೆ ಕಳಿಸುತ್ತದೆ. ಪಿಡಿಎಫ್ ಗಾತ್ರ ಸಣ್ಣದು ಮಾಡಿಕೊಡುವ ಉಚಿತ ವೆಬ್‌ಸೈಟುಗಳಿಗೆ ಬ್ಯಾಂಕ್ ಸ್ಟೇಟ್‌ಮೆಂಟ್ ಏರಿಸುವುದು ಸುಲಭದ ದಾರಿ ಅನಿಸುತ್ತದೆ. ಆದರೆ ಆರು ತಿಂಗಳ ನಿಮ್ಮ ವ್ಯವಹಾರವನ್ನೆಲ್ಲ ಗುರುತಿಲ್ಲದವರ ಕೈಗೆ ಇಟ್ಟ ಹಾಗಾಗುತ್ತದೆ.

ಸಂಘದ ಸಾಲದಲ್ಲಿ ಎಲ್ಲ ಸದಸ್ಯೆಯರ ಪ್ರತಿಗಳೂ ಒಬ್ಬರ ಮನೆಯಲ್ಲಿ ಸೇರುತ್ತವೆ. ಸಾಲ ಕೈಗೆ ಬಂದ ಮೇಲೆ ಉಳಿದ ಪ್ರತಿ ವಾಪಸ್ ಕೇಳಿ. ಮುಂದಿನ ಸಲಕ್ಕೆ ಬೇಕಾಗುತ್ತದೆ ಎಂದು ಇಟ್ಟುಕೊಳ್ಳುವುದು ಬೇಡ.

5. ಟಿಕ್ ಹಾಕುವಾಗ

ಆಪಿನಲ್ಲಿ "ಎಲ್ಲಕ್ಕೂ ಒಪ್ಪಿಗೆ" ಎಂಬ ಒಂದೇ ಬಟನ್ ದೊಡ್ಡದಾಗಿ ಇರುತ್ತದೆ. ಅದರ ಕೆಳಗಿನ ಸಣ್ಣ ಚೌಕಗಳನ್ನು ಒಂದೊಂದಾಗಿ ನೋಡಿ. ಕ್ರೆಡಿಟ್ ವರದಿ ನೋಡಲು ಒಪ್ಪಿಗೆ ಬೇಕೇ ಬೇಕು, ಕೊಡಿ. "ಸಮೂಹ ಕಂಪನಿಗಳು ಮತ್ತು ಪಾಲುದಾರರೊಂದಿಗೆ ಹಂಚಿಕೊಳ್ಳಲು" ಎಂಬುದು ಸಾಲಕ್ಕೆ ಬೇಕಿಲ್ಲ. ಬೇರೆ ವಸ್ತು ಮಾರಲು ನಿಮ್ಮ ಸ್ಪಷ್ಟ ಒಪ್ಪಿಗೆ ಬೇಕು ಎಂಬ ನಿಯಮ ಇರುವುದರಿಂದಲೇ ಆ ಚೌಕ ಅಲ್ಲಿದೆ. ಅದನ್ನು ಖಾಲಿ ಬಿಡಿ. ಕಾಗದದ ಫಾರ್ಮ್ ಆದರೆ ಆ ಸಾಲನ್ನು ಹೊಡೆದುಹಾಕಿ ಪಕ್ಕದಲ್ಲಿ ಸಹಿ ಮಾಡಿ.

ಫೋನಿನ ಅನುಮತಿ ಇನ್ನೂ ಮುಖ್ಯ. ಸಾಲದ ಆಪ್ ನಿಮ್ಮ ಕಾಂಟ್ಯಾಕ್ಟ್ ಪಟ್ಟಿ, ಕರೆಗಳ ವಿವರ, ಫೋಟೊ ಮತ್ತು ಫೈಲುಗಳನ್ನು ಮುಟ್ಟುವಂತಿಲ್ಲ. ಡಿಜಿಟಲ್ ಸಾಲದ ಬಗ್ಗೆ ರಿಸರ್ವ್ ಬ್ಯಾಂಕ್ 2022ರಲ್ಲಿ ತಂದ ನಿಯಮ ಇದು, 2025ರ ನಿರ್ದೇಶನದಲ್ಲೂ ಇದೆ. ಕ್ಯಾಮೆರಾ, ಮೈಕ್, ಲೊಕೇಶನ್ ಮಾತ್ರ ಕೆವೈಸಿಗೆಂದು ಒಂದು ಸಲ, ಅದೂ ನೀವು ಒಪ್ಪಿದರೆ. ಮಾಹಿತಿಯನ್ನು ಭಾರತದ ಸರ್ವರ್‌ಗಳಲ್ಲೇ ಇಡಬೇಕು. ಕಾಂಟ್ಯಾಕ್ಟ್ ಕೇಳಿದ ಆಪನ್ನು ಆ ಕ್ಷಣವೇ ತೆಗೆದುಹಾಕಿ. ಕಂತು ತಪ್ಪಿದಾಗ ನಿಮ್ಮ ಬೀಗರಿಗೆ, ಮಾಸ್ತರರಿಗೆ, ಊರವರಿಗೆಲ್ಲ ಫೋನ್ ಹೋಗುವುದು ಆ ಪಟ್ಟಿಯಿಂದಲೇ.

ಬ್ಯಾಂಕ್ ಸ್ಟೇಟ್‌ಮೆಂಟ್ ಕೊಡಲು ನೆಟ್ ಬ್ಯಾಂಕಿಂಗ್ ಪಾಸ್‌ವರ್ಡ್ ಕೇಳಿದರೆ ಕೊಡಬೇಡಿ. ಅಕೌಂಟ್ ಅಗ್ರಿಗೇಟರ್ ಮೂಲಕ ಕೊಡಬಹುದು. ಇವರಿಗೆ ರಿಸರ್ವ್ ಬ್ಯಾಂಕಿನ ಲೈಸೆನ್ಸ್ ಇರುತ್ತದೆ, ಮಾಹಿತಿಯನ್ನು ದಾಟಿಸುತ್ತಾರೆ, ತಾವು ಓದಲಾರರು. ಅಲ್ಲಿ ಎಷ್ಟು ತಿಂಗಳ ಮಾಹಿತಿ, ಯಾತಕ್ಕೆ, ಎಷ್ಟು ಸಲ, ಎಲ್ಲಿಯವರೆಗೆ ಎಂದು ಬರೆದಿರುತ್ತದೆ. "ಎಷ್ಟು ಸಲ" ಎಂಬುದನ್ನು ಬಿಡದೆ ಓದಿ. ಒಂದು ಸಾಲಕ್ಕೆ ಒಂದು ಸಲ ನೋಡಿದರೆ ಸಾಕು. ಪ್ರತಿ ತಿಂಗಳೂ ನೋಡುವ ಒಪ್ಪಿಗೆ ಕೊಟ್ಟಿದ್ದರೆ ಸಾಲ ಬಂದ ಮೇಲೆ ಆ ಆಪಿನಲ್ಲೇ ರದ್ದು ಮಾಡಿ.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ಒಪ್ಪಿಗೆಯ ನೋಟಿಸನ್ನು ಕನ್ನಡದಲ್ಲಿ ಓದುವ ಅವಕಾಶ ಇದೆ. ಒಪ್ಪಿಗೆ ಕೊಟ್ಟಷ್ಟೇ ಸುಲಭವಾಗಿ ಹಿಂದಕ್ಕೆ ಪಡೆಯುವ ಹಕ್ಕೂ ಇದೆ. ಇದರ ನಿಯಮಗಳು 2025ರ ನವೆಂಬರಿನಲ್ಲಿ ಬಂದವು. ಕಂಪನಿಗಳು ತಯಾರಾಗಲು 18 ತಿಂಗಳ ಸಮಯ ಕೊಟ್ಟಿದ್ದಾರೆ. ಅಲ್ಲಿಯವರೆಗೆ ಸುಮ್ಮನಿರಬೇಕಿಲ್ಲ, ಕನ್ನಡದಲ್ಲಿ ಕೊಡಿ ಎಂದು ಈಗಲೇ ಕೇಳಿ. ಸಾಲದ ಮುಖ್ಯಾಂಶಗಳ ಪತ್ರವನ್ನಂತೂ ಸಾಲಗಾರನಿಗೆ ತಿಳಿಯುವ ಭಾಷೆಯಲ್ಲೇ ಕೊಡಬೇಕು. ಅದರಲ್ಲಿ ದೂರು ಕೇಳುವ ಅಧಿಕಾರಿಯ ಫೋನ್ ಮತ್ತು ಇಮೇಲ್ ಇರುತ್ತದೆ. ಆ ಪುಟವನ್ನು ಫೋಟೊ ತೆಗೆದಿಡಿ.

6. ಸಾಲ ಬಂದ ಮೇಲೆ

ಆಧಾರ್ ಬೆರಳಚ್ಚನ್ನು ಲಾಕ್ ಮಾಡಿ. ಆಧಾರ್ ಆಪಿನಲ್ಲೇ ಆಗುತ್ತದೆ. ರೇಷನ್ ತರುವ ದಿನ ಬಿಚ್ಚಲು ಮರೆಯಬೇಡಿ, ಇಲ್ಲದಿದ್ದರೆ ಅಲ್ಲಿ ಹೆಬ್ಬೆಟ್ಟು ಒತ್ತಿದರೂ ಹಿಡಿಯುವುದಿಲ್ಲ. ದೂರಸಂಪರ್ಕ ಇಲಾಖೆಯ ಸಂಚಾರ ಸಾಥಿ ವೆಬ್‌ಸೈಟಿನಲ್ಲಿ ನಿಮ್ಮ ಹೆಸರಿನಲ್ಲಿ ಎಷ್ಟು ಸಿಮ್ ಇವೆ ಎಂದು ನೋಡಿ.

ನಿಮ್ಮ ಸಾಲಗಳ ಲೆಕ್ಕ ಇಡುವ ಕ್ರೆಡಿಟ್ ಕಂಪನಿಗಳಾದ ಸಿಬಿಲ್, ಎಕ್ಸ್‌ಪೀರಿಯನ್, ಇಕ್ವಿಫ್ಯಾಕ್ಸ್, ಕ್ರಿಫ್ ಹೈಮಾರ್ಕ್ ನಾಲ್ಕೂ ವರ್ಷಕ್ಕೊಂದು ಪೂರ್ತಿ ವರದಿಯನ್ನು ಉಚಿತವಾಗಿ ಕೊಡಬೇಕು. ಒಂದೇ ಸಲ ನಾಲ್ಕನ್ನೂ ತೆಗೆಯಬೇಡಿ. ಮೂರು ತಿಂಗಳಿಗೊಂದು ತೆಗೆದರೆ ವರ್ಷವಿಡೀ ಕಣ್ಣಿಟ್ಟ ಹಾಗಾಗುತ್ತದೆ. ನೀವು ಅರ್ಜಿ ಹಾಕದ ಕಂಪನಿಯ ಹೆಸರು ಅದರಲ್ಲಿ ಕಂಡರೆ ನಿಮ್ಮ ಕಾಗದ ಬೇರೆ ಕಡೆ ಓಡಾಡುತ್ತಿರಬಹುದು. ಕೂಡಲೇ ದೂರು ಕೊಡಿ. 30 ದಿನದೊಳಗೆ ಸರಿಪಡಿಸದಿದ್ದರೆ ಆಮೇಲಿನ ಪ್ರತಿ ದಿನಕ್ಕೆ ₹100 ಪರಿಹಾರ ಸಿಗಬೇಕು.

ಸಾಲ ತೀರಿದಾಗ ಬಾಕಿ ಇಲ್ಲ ಎಂಬ ಪತ್ರ (ಎನ್‌ಒಸಿ) ತೆಗೆದುಕೊಳ್ಳಿ, ಖಾತೆಯಿಂದ ಕಂತು ಕಡಿತದ ಒಪ್ಪಿಗೆ ರದ್ದು ಮಾಡಿಸಿ, ಜಾಹೀರಾತಿಗೆ ಕೊಟ್ಟ ಒಪ್ಪಿಗೆ ಇದ್ದರೆ ಹಿಂದಕ್ಕೆ ಪಡೆಯಿರಿ. ನನ್ನ ಕೆವೈಸಿ ಎಲ್ಲಾ ಅಳಿಸಿ ಎಂದರೆ ಅಳಿಸುವುದಿಲ್ಲ. ಸಂಬಂಧ ಮುಗಿದ ಮೇಲೂ 5 ವರ್ಷ ಇಡಬೇಕು ಎಂದು ಅಕ್ರಮ ಹಣ ತಡೆ ಕಾನೂನು ಹೇಳುತ್ತದೆ.

7. ಸೋರಿಹೋಗಿದ್ದರೆ

ಖಾತೆಯಿಂದ ಹಣ ಹೋಗಿದ್ದರೆ ಬೇರೆ ಯಾರಿಗಿಂತಲೂ ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಆಮೇಲೆ ಬ್ಯಾಂಕಿಗೆ. ತಡವಾದಷ್ಟೂ ಹಣ ಮುಂದಿನ ಖಾತೆಗಳಿಗೆ ದಾಟುತ್ತದೆ.

ವಸೂಲಿಯವರು ನೆರೆಹೊರೆಯವರೆದುರು ನಿಮ್ಮ ಸಾಲದ ಲೆಕ್ಕ ಓದಿದರೆ ಅದೂ ಮಾಹಿತಿ ಸೋರಿಕೆಯೇ. ಕಿರುಸಾಲದ ಬಗ್ಗೆ ರಿಸರ್ವ್ ಬ್ಯಾಂಕಿನ ನಿರ್ದೇಶನದಲ್ಲಿ ಸಾಲಗಾರರ ಹೆಸರು ಪ್ರಕಟಿಸುವುದು, ಬಂಧುಗಳನ್ನು, ಜೊತೆ ಕೆಲಸ ಮಾಡುವವರನ್ನು ಪೀಡಿಸುವುದು, ಬೆಳಿಗ್ಗೆ 9ಕ್ಕೆ ಮೊದಲು ಮತ್ತು ಸಂಜೆ 6ರ ನಂತರ ಫೋನ್ ಮಾಡುವುದು ಎಲ್ಲಕ್ಕೂ ತಡೆ ಇದೆ. ಗದಗ, ಹಾವೇರಿಯ ಹಳ್ಳಿಗಳಲ್ಲಿ ಸಂಘದ ಹೆಣ್ಣುಮಕ್ಕಳಿಗೆ ಇದನ್ನು ಯಾರಾದರೂ ಜೋರಾಗಿ ಓದಿ ಹೇಳಬೇಕು.

ದೂರನ್ನು ಮೊದಲು ಕಂಪನಿಯ ದೂರು ಅಧಿಕಾರಿಗೆ ಬರಹದಲ್ಲಿ ಕೊಡಿ. 30 ದಿನದಲ್ಲಿ ಉತ್ತರ ಬರದಿದ್ದರೆ, ಬಂದ ಉತ್ತರ ಸರಿಯಿಲ್ಲದಿದ್ದರೆ ಗ್ರಾಹಕರ ದೂರು ತೀರ್ಮಾನಿಸುವ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಆನ್‌ಲೈನಿನಲ್ಲಿ ದೂರು ಹಾಕಬಹುದು. ದುಡ್ಡು ಕೊಡಬೇಕಿಲ್ಲ, ವಕೀಲರೂ ಬೇಕಿಲ್ಲ. ಹೇಗೆ ಎಂದು ಕೇಳಲು ರಿಸರ್ವ್ ಬ್ಯಾಂಕಿನ 14448ಕ್ಕೆ ಫೋನ್ ಮಾಡಿ. ನೀವು ಕೊಟ್ಟ ಪ್ರತಿಯ ಫೋಟೊ ನಿಮ್ಮ ಹತ್ತಿರ ಇದ್ದರೆ ಜೊತೆಗೆ ಲಗತ್ತಿಸಿ. ಕಂಪನಿ, ಶಾಖೆ, ದಿನಾಂಕ ಬರೆದ ಅದೇ ಪ್ರತಿ ಬೇರೆ ಕಡೆ ಸಿಕ್ಕಿದರೆ ಯಾರ ಕೈಯಿಂದ ಹೋಯಿತು ಎಂದು ನೀವು ವಾದ ಮಾಡಬೇಕಾಗಿಲ್ಲ.