ವಾರಾಂತ್ಯದ ಬೆಂಗಳೂರು: ನಾಲ್ಕು ಜನರಿಗೆ ಉಪಯೋಗವಾಗುವಂತೆ ಯೋಜನೆ ಹಂಚಿಕೊಳ್ಳುವ ಬಗೆ

ಶುಕ್ರವಾರ ಸಂಜೆಯಾಗುತ್ತಿದ್ದಂತೆ ಬೆಂಗಳೂರಿನ ಅಪಾರ್ಟ್‌ಮೆಂಟುಗಳ, ಕಚೇರಿಗಳ, ಹಳೆಯ ಸಹಪಾಠಿಗಳ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ‘ನಾಳೆ ಎಲ್ಲಿಗೆ ಹೋಗೋಣ’ ಎಂಬ ಪ್ರಶ್ನೆ ಏಳುತ್ತದೆ, ಉತ್ತರವಾಗಿ ಹತ್ತಾರು ಹೋಟೆಲು, ಉದ್ಯಾನ, ಬೆಟ್ಟಗಳ ಹೆಸರು ಬರುತ್ತವೆ. ಆದರೆ ಊರಿಗೆ ಹೊಸದಾಗಿ ಬಂದವರು ಆ ಪಟ್ಟಿಯನ್ನು ನಂಬಿ ಹೊರಟರೆ ಬೆಳಗಿನ ತಿಂಡಿಗೆ ಮಲ್ಲೇಶ್ವರಕ್ಕೂ ಮಧ್ಯಾಹ್ನ ವೈಟ್‌ಫೀಲ್ಡಿಗೂ ಸಂಜೆ ಜಯನಗರಕ್ಕೂ ಓಡಾಡಿ, ದಿನದ ಬಹುಪಾಲನ್ನು ಸಿಗ್ನಲ್ಲುಗಳಲ್ಲಿ ಕಳೆಯುತ್ತಾರೆ. ಆದ್ದರಿಂದ ಸ್ಥಳೀಯರಾದ ನಾವು ಹಂಚಿಕೊಳ್ಳುವ ಯೋಜನೆ ಒಂದೇ ಬಡಾವಣೆಯ ಅಥವಾ ಒಂದೇ ಮೆಟ್ರೊ ಮಾರ್ಗದ ಸುತ್ತ ಇರಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಯೋಜನೆ ಹಾಕುವಾಗ, ನಮ್ಮ ಅನುಕೂಲಕ್ಕೆ ತಕ್ಕಂತೆ ಹೊತ್ತು ಬದಲಾಗದ ಕಾರ್ಯಕ್ರಮವನ್ನು ಮೊದಲು ಗೊತ್ತುಮಾಡಿಕೊಳ್ಳಬೇಕು, ಉಳಿದದ್ದನ್ನು ಅದರ ಹಿಂದುಮುಂದಿಗೆ ಹೊಂದಿಸಬೇಕು. ಸಾಮಾನ್ಯವಾಗಿ ಅದು ನಾಟಕ ಅಥವಾ ಸಂಗೀತ ಕಛೇರಿ. ಶಂಕರ್ ನಾಗ್ ಅವರ ನೆನಪಿನಲ್ಲಿ ಅರುಂಧತಿ ನಾಗ್ ಅವರ ಪ್ರಯತ್ನದಿಂದ 2004ರಲ್ಲಿ ಜೆ.ಪಿ. ನಗರದ ಎರಡನೇ ಹಂತದಲ್ಲಿ ಆರಂಭವಾದ ರಂಗಶಂಕರದಲ್ಲಿ ಪ್ರದರ್ಶನ ಶುರುವಾದ ಮೇಲೆ ಬಂದವರಿಗೆ ಪ್ರವೇಶವಿಲ್ಲ. ಟಿಕೆಟ್ ಕೈಯಲ್ಲಿದ್ದರೂ, ಎಷ್ಟು ದೂರದಿಂದ ಬಂದಿದ್ದರೂ ಬಾಗಿಲು ತೆರೆಯುವುದಿಲ್ಲ. ನಟರ ಮೇಲಿನ ಗೌರವದಿಂದ ಬಂದ ಈ ಶಿಸ್ತು ನನಗೆ ಬಹಳ ಮೆಚ್ಚುಗೆಯದು. ಅಲ್ಲಿ ಆಸನಗಳಿಗೆ ಸಂಖ್ಯೆಯನ್ನೂ ಗೊತ್ತುಪಡಿಸಿರುವುದಿಲ್ಲವಾದ್ದರಿಂದ ಮೊದಲು ಬಂದವರು ತಮಗೆ ಬೇಕಾದಲ್ಲಿ ಕೂರುತ್ತಾರೆ. ಹಾಗಾಗಿ ‘ಏಳೂವರೆಗೆ ನಾಟಕ’ ಎಂದಷ್ಟೇ ಬರೆದರೆ ಸಾಲದು. ‘ಏಳಕ್ಕೆ ಮುಂಚೆ ಅಲ್ಲಿರಿ, ಅಲ್ಲಿನ ಕೆಫೆಯಲ್ಲಿ ಅಕ್ಕಿ ರೊಟ್ಟಿ ತಿನ್ನುವುದಿದ್ದರೆ ಇನ್ನೂ ಅರ್ಧ ಗಂಟೆ ಮೊದಲೇ ಬನ್ನಿ’ ಎಂದು ಬರೆಯಬೇಕು. ಜೆ.ಸಿ. ರಸ್ತೆಯ ರವೀಂದ್ರ ಕಲಾಕ್ಷೇತ್ರ, ಅದರ ಹಿಂದಿನ ಸಂಸ ಬಯಲು ರಂಗಮಂದಿರ, ಹನುಮಂತನಗರದ ಕೆ.ಎಚ್. ಕಲಾಸೌಧ, ವಯೊಲಿನ್ ಆಕಾರದ ಚೌಡಯ್ಯ ಸ್ಮಾರಕ ಭವನ ಇವೆಲ್ಲವುಗಳ ಪದ್ಧತಿ ಒಂದೇ ರೀತಿಯದಲ್ಲ; ಆಯಾ ಕಾರ್ಯಕ್ರಮದ ಸಂಘಟಕರು ತಿಳಿಸಿರುವುದನ್ನೇ ಹಂಚಿಕೊಳ್ಳುವುದು ಕ್ಷೇಮ.

ಸಂಜೆಯ ನಾಟಕ ಜೆ.ಪಿ. ನಗರದಲ್ಲಿದ್ದರೆ ಇಡೀ ದಿನವನ್ನು ನಗರದ ದಕ್ಷಿಣ ಭಾಗದಲ್ಲೇ ಇರಿಸಿಕೊಳ್ಳುವುದು ಸುಲಭ. ಹಸಿರು ಮಾರ್ಗದ ಮೆಟ್ರೊದಲ್ಲಿ ಲಾಲ್‌ಬಾಗ್ ನಿಲ್ದಾಣದಲ್ಲಿ ಇಳಿದು ಬೆಳಗ್ಗೆಯೇ ತೋಟದೊಳಗೆ ಹೋದರೆ, ಹೈದರಾಲಿ 1760ರಲ್ಲಿ ಆರಂಭಿಸಿದ, ಈಗ ಸುಮಾರು 240 ಎಕರೆಯಷ್ಟಿರುವ ಆ ವಿಸ್ತಾರ ಬಿಸಿಲೇರುವ ಮೊದಲು ನಡೆಯಲು ಹಿತವಾಗಿರುತ್ತದೆ. 1889ರ ಗಾಜಿನ ಮನೆಯನ್ನು ಎಲ್ಲರೂ ನೋಡುತ್ತಾರೆ. ಕೆಂಪೇಗೌಡರ ಗೋಪುರ ನಿಂತಿರುವ ಬಂಡೆಯ ಮೇಲೆ ಸ್ವಲ್ಪ ಹೊತ್ತು ಕೂರಲು ಮಾತ್ರ ಯಾರಾದರೂ ಹೇಳಬೇಕು. ಅದು ಸುಮಾರು ಮುನ್ನೂರು ಕೋಟಿ ವರ್ಷ ಹಳೆಯ ಶಿಲೆ, ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಮಕ್ಕಳ ಜೊತೆ ಹೋಗುವವರಿಗೆ ಈ ಒಂದು ವಾಕ್ಯ ತಿಳಿಸಿದರೆ ಅವರು ಬಂಡೆಯನ್ನು ಬೇರೆ ಕಣ್ಣಿನಿಂದ ನೋಡುತ್ತಾರೆ. ಜನವರಿ ಮತ್ತು ಆಗಸ್ಟ್ ತಿಂಗಳುಗಳ ಫಲಪುಷ್ಪ ಪ್ರದರ್ಶನದ ವಾರಾಂತ್ಯಗಳಲ್ಲಿ ಇಲ್ಲಿ ಕಾಲಿಡಲು ಜಾಗವಿರುವುದಿಲ್ಲವಾದ್ದರಿಂದ, ಸಾಧ್ಯವಿದ್ದವರಿಗೆ ವಾರದ ನಡುವಿನ ಒಂದು ಬೆಳಗ್ಗೆ ಹೋಗುವಂತೆ ಸೂಚಿಸಿ.

ಅಲ್ಲಿಂದ ಗಾಂಧಿ ಬಜಾರಿಗೆ ಆಟೊದಲ್ಲಿ ಸ್ವಲ್ಪವೇ ಹೊತ್ತಿನ ದಾರಿ. 1943ರಿಂದ ನಡೆಯುತ್ತಿರುವ ವಿದ್ಯಾರ್ಥಿ ಭವನದಲ್ಲಿ ಮಾಣಿಯೊಬ್ಬರು ಒಂದರ ಮೇಲೊಂದು ಪೇರಿಸಿದ ದೋಸೆಯ ತಟ್ಟೆಗಳನ್ನು ಮುಂಗೈಯಿಂದ ಭುಜದವರೆಗೆ ಹೊಂದಿಸಿಕೊಂಡು, ಕಿಕ್ಕಿರಿದ ಮೇಜುಗಳ ನಡುವೆ ಒಂದನ್ನೂ ಅಲುಗಾಡಿಸದೆ ತಂದು ಬಡಿಸುವುದನ್ನು ನೋಡುವುದೇ ಒಂದು ಸಂತೋಷ. ವಾರಾಂತ್ಯದಲ್ಲಿ ಹೆಸರು ಬರೆಸಿ ಹೊರಗೆ ಕಾಯಬೇಕಾಗುತ್ತದೆ ಎಂಬುದನ್ನೂ, ಮಧ್ಯಾಹ್ನ ಕೆಲಹೊತ್ತು ಬಾಗಿಲು ಹಾಕುತ್ತಾರೆ ಎಂಬುದನ್ನೂ ಮರೆಯದೆ ತಿಳಿಸಿ. ಹಸಿದ ಹಿರಿಯರನ್ನು ಕರೆದುಕೊಂಡು ಬರುವವರಿಗೆ ದೋಸೆಯ ರುಚಿಯ ವರ್ಣನೆಗಿಂತ ಈ ಮಾಹಿತಿಯೇ ಮುಖ್ಯ. ಕಾಯಲಾಗದವರಿಗೆ ಶಂಕರಪುರದ ಬ್ರಾಹ್ಮಿಣ್ಸ್ ಕಾಫಿ ಬಾರ್ ಇದೆ. ಇಡ್ಲಿ, ವಡೆ, ಖಾರಾಬಾತ್, ಕೇಸರಿಬಾತ್‌ಗಳಷ್ಟೇ ಅಲ್ಲಿನ ತಿಂಡಿ. ಸಾಂಬಾರ್ ಸಿಗುವುದಿಲ್ಲ; ಚಟ್ನಿಯನ್ನು ಮಾತ್ರ ಕೇಳಿದಷ್ಟು ಸಲ ಹಾಕುತ್ತಾರೆ, ಜನ ನಿಂತೇ ತಿಂದು ಹೊರಡುತ್ತಾರೆ. ಮಂಡಿನೋವಿರುವವರಿಗೆ ಇದು ತಕ್ಕ ಜಾಗವಲ್ಲ.

ಹೋಟೆಲುಗಳ ವಾರದ ರಜೆ ಎಷ್ಟೋ ಯೋಜನೆಗಳನ್ನು ಕೆಡಿಸುತ್ತದೆ. ವಿದ್ಯಾರ್ಥಿ ಭವನಕ್ಕೆ ಶುಕ್ರವಾರ ರಜೆ, ಲಾಲ್‌ಬಾಗ್ ರಸ್ತೆಯ ಎಂ.ಟಿ.ಆರ್.ಗೆ ಸೋಮವಾರ ರಜೆ, ಬ್ರಾಹ್ಮಿಣ್ಸ್ ಕಾಫಿ ಬಾರ್‌ಗೆ ಭಾನುವಾರವೇ ರಜೆ. ಹೀಗಾಗಿ ಶನಿವಾರಕ್ಕೆ ಹಾಕಿದ ಯೋಜನೆಯನ್ನು ‘ಭಾನುವಾರ ಹೋದರೂ ಆಗುತ್ತದೆ’ ಎಂದು ಮುಂದೂಡಲು ಬರುವುದಿಲ್ಲ. ಭಾನುವಾರ ಬೆಳಗಿನ ಮೆಟ್ರೊ ಕೂಡ ಉಳಿದ ದಿನಗಳಿಗಿಂತ ತಡವಾಗಿ ಹೊರಡುತ್ತದೆ.

ಚಿತ್ರಕಲೆಯಲ್ಲಿ ಆಸಕ್ತಿಯಿರುವವರಿಗೆ ಭಾನುವಾರಕ್ಕೆ ಕಬ್ಬನ್ ಪಾರ್ಕಿನ ಸುತ್ತಮುತ್ತಲನ್ನು ಸೂಚಿಸಿ. ಅಂದು ಪಾರ್ಕಿನೊಳಗೆ ವಾಹನಗಳಿಗೆ ಪ್ರವೇಶವಿಲ್ಲದ ಕಾರಣ ಮಕ್ಕಳು ನಿರಾತಂಕವಾಗಿ ಸೈಕಲ್ ಹೊಡೆಯಬಹುದು. ಕಸ್ತೂರಬಾ ರಸ್ತೆಯಲ್ಲಿ 2023ರಲ್ಲಿ ತೆರೆದ ಕಲೆ ಮತ್ತು ಛಾಯಾಚಿತ್ರ ಸಂಗ್ರಹಾಲಯ, ಅರಮನೆ ರಸ್ತೆಯ ಮಾಣಿಕ್ಯವೇಲು ಮಹಲಿನಲ್ಲಿರುವ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯಗಳೆರಡೂ ಹತ್ತಿರದಲ್ಲಿವೆ, ಎರಡಕ್ಕೂ ಸೋಮವಾರ ರಜೆ. ಜನವರಿಯಲ್ಲಿ ಕುಮಾರಕೃಪಾ ರಸ್ತೆಯಲ್ಲಿ ಚಿತ್ರಕಲಾ ಪರಿಷತ್ತು 2003ರಿಂದ ನಡೆಸುತ್ತಿರುವ ಚಿತ್ರಸಂತೆಗೆ ಹೋಗುವವರು, ಚಿತ್ರ ಕೊಳ್ಳುವ ಮನಸ್ಸಿದ್ದರೆ, ಬೆಳಗ್ಗೆಯೇ ಹೋಗಲಿ. ಮಧ್ಯಾಹ್ನದ ಜನಸಂದಣಿಯಲ್ಲಿ ಕಲಾವಿದರೊಡನೆ ನಿಂತು ಮಾತನಾಡಲು ಸಾಧ್ಯವಾಗುವುದಿಲ್ಲ.

ಬೆಟ್ಟ ಹತ್ತುವವರಿಗೆ ನಾವು ಇನ್ನೂ ಹೆಚ್ಚು ಹೊಣೆಯಿಂದ ಹೇಳಬೇಕು. 1478 ಮೀಟರ್ ಎತ್ತರದ ನಂದಿ ಬೆಟ್ಟದಲ್ಲಿ ಸೂರ್ಯೋದಯ ನೋಡಲು ಭಾನುವಾರ ಹೊರಟವರು ಬೆಟ್ಟದ ಬುಡದ ವಾಹನಗಳ ಸಾಲಿನಲ್ಲೇ ಸೂರ್ಯನನ್ನು ಕಾಣುವುದು ಅಪರೂಪವೇನಲ್ಲ. ಸ್ಕಂದಗಿರಿಯಂತಹ ಚಾರಣದ ತಾಣಗಳಿಗೆ ಮುಂಗಡ ಬುಕಿಂಗ್ ಬೇಕು. ‘ಅಲ್ಲಿಗೇ ಹೋಗಿ ನೋಡಿಕೊಳ್ಳಿ’ ಎಂಬ ಸಲಹೆ ಕೊಟ್ಟರೆ, ಜನ ನಸುಕಿನಲ್ಲಿ ಅಷ್ಟು ದೂರ ಹೋಗಿ ಹಿಂತಿರುಗಬೇಕಾಗುತ್ತದೆ.

ಇನ್ನು ಸಂದೇಶ ಬರೆಯುವ ರೀತಿ. ಉದಾಹರಣೆಗೆ ಹೀಗೆ ಬರೆಯಬಹುದು: ‘ಶನಿವಾರ ಬೆಳಗ್ಗೆ ಏಳಕ್ಕೆ ಲಾಲ್‌ಬಾಗ್ ಪಶ್ಚಿಮ ದ್ವಾರದಲ್ಲಿ ಸೇರೋಣ. ಒಂಬತ್ತಕ್ಕೆ ಗಾಂಧಿ ಬಜಾರಿನಲ್ಲಿ ತಿಂಡಿ, ಮುಕ್ಕಾಲು ಗಂಟೆಯಾದರೂ ಕಾಯಬೇಕಾದೀತು. ಮಧ್ಯಾಹ್ನ ಮನೆಗೆ ಹೋಗಿ ವಿಶ್ರಾಂತಿ. ಸಂಜೆ ಆರೂವರೆಗೆ ರಂಗಶಂಕರ, ಟಿಕೆಟನ್ನು ಅವರವರೇ ಕೊಂಡುಕೊಳ್ಳಿ. ಮಳೆ ಬಂದರೆ ಬೆಳಗಿನ ನಡಿಗೆ ಇಲ್ಲ, ನಾಟಕ ಮಾತ್ರ. ಸಮಯಗಳನ್ನು ಇವತ್ತು ವಿಚಾರಿಸಿದ್ದೇನೆ.’ ಕೊನೆಯ ವಾಕ್ಯವನ್ನು ಬಿಡಬೇಡಿ. ಇಸವಿಯಿಲ್ಲದ ಹಳೆಯ ಪೋಸ್ಟರುಗಳು ಗುಂಪಿನಿಂದ ಗುಂಪಿಗೆ ತಿರುಗುತ್ತಲೇ ಇರುತ್ತವೆ, ವಿ.ವಿ. ಪುರದ ಅವರೆಬೇಳೆ ಮೇಳದಂತಹ, ಚಳಿಗಾಲದಲ್ಲಿ ಕೆಲವೇ ದಿನ ನಡೆಯುವ ಕಾರ್ಯಕ್ರಮದ ದಿನಾಂಕವನ್ನು ಸ್ವತಃ ವಿಚಾರಿಸದೆ ಮುಂದೆ ಕಳುಹಿಸಬಾರದು.

ಹಂಚಿಕೊಳ್ಳಬಾರದ್ದೂ ಒಂದಿದೆ. ಜಕ್ಕೂರು, ಕೈಕೊಂಡ್ರಹಳ್ಳಿ ಕೆರೆಗಳಲ್ಲಿ ಪಕ್ಷಿವೀಕ್ಷಣೆಗೆ ಹೋಗುವ ಬೆಳಗಿನ ಹೊತ್ತನ್ನೂ ಕಂಡ ಹಕ್ಕಿಗಳ ಹೆಸರನ್ನೂ ಧಾರಾಳವಾಗಿ ತಿಳಿಸಿ, ಆದರೆ ಗೂಡಿರುವ ಜಾಗವನ್ನು, ಅದು ಗೊತ್ತಾಗುವಂತಹ ಚಿತ್ರವನ್ನು ಗುಂಪಿಗೆ ಹಾಕಬೇಡಿ. ಕ್ಯಾಮೆರಾ ಹಿಡಿದವರು ಗೂಡಿನ ಸುತ್ತ ನೆರೆದರೆ ತಾಯಿಹಕ್ಕಿ ಮೊಟ್ಟೆಯನ್ನೇ ಬಿಟ್ಟು ಹೋಗಬಹುದು. ಯಾರಾದರೂ ತಿಳಿಯದೆ ಹಾಕಿದ್ದರೆ ಎಲ್ಲರ ಮುಂದೆ ಆಕ್ಷೇಪಿಸದೆ ಅವರೊಬ್ಬರಿಗೇ ಕರೆ ಮಾಡಿ, ಅದನ್ನು ಅಳಿಸುವಂತೆ ಕೇಳಿಕೊಳ್ಳಿ.